ಚಿಕ್ಕಮ್ಮನ ದನಿಗೊಂದು ತಾಟು

ನಿಮ್ಮ ಮನೆಯಲ್ಲಿ ಪಾತ್ರೆಯ ಮುಚ್ಚಳ ಕೈಜಾರಿ ಬಿದ್ದರೆ ನೀವೇನು ಮಾಡುತ್ತೀರೋ ಗೊತ್ತಿಲ್ಲ. ನಾನಂತೂ ಮಾಡುತ್ತಿದ್ದ ಕೆಲಸ ಬಿಟ್ಟು, ಅದು ಪೂರ್ತಿ ಸುಮ್ಮನಾಗುವವರೆಗೆ ನಿಂತು ಕೇಳುತ್ತೇನೆ. ಸ್ಟೀಲಿನ ಮುಚ್ಚಳ ಗಿರಗಿರ ತಿರುಗಿ, ಕೊನೆಯಲ್ಲಿ ಅವಸರ ಅವಸರವಾಗಿ ನಡುಗಿ, ತಟ್ಟನೆ ನಿಲ್ಲುತ್ತದೆ. ಅಲ್ಯೂಮಿನಿಯಮ್ಮಿನದು ಬಿದ್ದ ಕೂಡಲೇ ಸತ್ತುಹೋಗುತ್ತದೆ. ನನ್ನ ಗಂಡ ಮೊದಲೆಲ್ಲ ಏನಾದರೂ ಬೀಳಿಸಿದರೆ "ಸಾರಿ" ಎನ್ನುತ್ತಿದ್ದರು. ಈಗ ಬೀಳಿಸಿ, ನನ್ನ ಮುಖ ನೋಡಿ, "ಹೆಂಗಿತ್ತು?" ಎಂದು ಕೇಳುತ್ತಾರೆ.

ಈ ಚಟ ಅಂಟಿದ್ದು ಡ್ರಮ್ ಸೆಟ್ ಕೊಂಡ ಮೇಲೆ. ತಲೆಗೂದಲಿಗೆ ಬಣ್ಣ ಹಚ್ಚುವ ವಯಸ್ಸಿನಲ್ಲಿ ಹೆಂಗಸೊಬ್ಬಳು ಡ್ರಮ್ ಸೆಟ್ ಯಾಕೆ ಕೊಂಡಳು ಎಂದು ನೀವು ಕೇಳಿದರೆ ನನ್ನ ಬಳಿ ಒಂದು ಉತ್ತರ ಇದೆ. ಆದರೆ ಅದು ನಿಜವೋ, ಆಮೇಲೆ ಕಟ್ಟಿಕೊಂಡದ್ದೋ ಎಂಬುದು ನನಗೇ ಸಂಶಯ. ಧಾರವಾಡದಲ್ಲಿ ಇತಿಹಾಸ ಓದಿದವಳು ನಾನು. ಒಬ್ಬರೇ ಸಾಕ್ಷಿ ಇದ್ದರೆ ಎರಡು ಸಲ ಯೋಚಿಸಿ, ಆ ಸಾಕ್ಷಿ ನೀವೇ ಆಗಿದ್ದರೆ ಹತ್ತು ಸಲ ಯೋಚಿಸಿ ಎಂದು ನಮ್ಮ ಮೇಷ್ಟ್ರೊಬ್ಬರು ಹೇಳುತ್ತಿದ್ದರು. ಹೀಗೆ ಹೇಳಿದ್ದು ಅವರೋ, ನಾನೇ ಅವರ ಬಾಯಿಗೆ ಹಾಕಿದೆನೋ, ಅದೂ ಈಗ ಖಚಿತವಿಲ್ಲ.

ಆ ಉತ್ತರ ಇದು. ಫಾಲ್ಗುಣ ಬಂದರೆ ಅಂಕೋಲೆಯ ಕಡೆ ಸುಗ್ಗಿ ಕುಣಿಯುವ ಗಂಡಸರ ಮೇಳ ತಲೆಗೆ ತುರಾಯಿ ಕಟ್ಟಿಕೊಂಡು ಮನೆಯಂಗಳಗಳಿಗೆ ಬರುತ್ತದೆ. ಮಣ್ಣಿನ ಮಡಕೆಗೆ ಚರ್ಮ ಬಿಗಿದ ಗುಮಟೆ, ಅದರ ಜೊತೆ ಜಾಗಟೆ. ಹೆಣ್ಣುಮಕ್ಕಳಿಗೆ ಜಗಲಿ, ಅಂಗಳ ಗಂಡಸರದು. ನಾನು ಸಣ್ಣವಳಿದ್ದಾಗ, ನಮ್ಮ ಕೇರಿಯ ಮೇಳ ಇನ್ನೂ ಗದ್ದೆಯ ಆಚೆ ಇರುವಾಗಲೇ ಜಾಗಟೆಯ ಸದ್ದು ಬರುತ್ತಿತ್ತು. ಅದು ಎಲ್ಲರೂ ಕೇಳುವಂಥ ಢಣಢಣ ಸದ್ದಲ್ಲ. ಮಂಕಾದ, ಒಣಗಿದ, ಹೊಗೆಯಂತೆ ಹರಡಿ ಹೋಗುವ ಸದ್ದು. ಒಮ್ಮೆ ಮೇಳದವರು ಊಟಕ್ಕೆ ಕೂತಾಗ ನಾನು ಜಗಲಿಯಿಂದ ಇಳಿದು ಆ ಜಾಗಟೆಯನ್ನು ಒಂದೇ ಒಂದು ಸಲ ಬಾರಿಸಿದೆ. ಎಲ್ಲರೂ ತಿರುಗಿ ನೋಡಿದರು. ನಾನೂ ಬಾರಿಸುವವಳಾಗಬೇಕೆಂದು ಅಂದೇ ನಿಶ್ಚಯಿಸಿದೆ. ಇಷ್ಟು ನನ್ನ ಕಥೆ. ನನ್ನ ಅಣ್ಣನ ಪ್ರಕಾರ ಬಾರಿಸಿದ್ದು ಅವನು, ಪೆಟ್ಟು ತಿಂದದ್ದೂ ಅವನು. ನಾನು ಜಗಲಿಯ ಮೇಲೆ ನಿದ್ದೆ ಹೋಗಿದ್ದೆನಂತೆ. ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನಿಂದ ಈಚೆಗೆ ಬಂದದ್ದು. ಹಾಗಾಗಿ ಈ ವಿಷಯದಲ್ಲಿ ಅದೂ ನನ್ನ ಪರ ನಿಲ್ಲುವುದಿಲ್ಲ.

ಯಾರು ಬಾರಿಸಿದ್ದರೂ ಆ ಸದ್ದು ಮಾತ್ರ ನನ್ನ ಕಿವಿಯಲ್ಲಿತ್ತು. ಕೈಗಾದ ಕಚೇರಿಗೆ ಹೋಗುವ ಬಸ್ಸಿನಲ್ಲಿ ಊಟದ ಚೀಲ ತೊಡೆಯ ಮೇಲಿಟ್ಟು ಬೆರಳಲ್ಲಿ ಬಡಿಯುವುದು ನನಗೆ ಮೊದಲಿಂದ ಅಭ್ಯಾಸ. ಕಾಡಿನ ತಿರುವುಗಳಲ್ಲಿ ಡ್ರೈವರು ಗೇರು ಬದಲಿಸುವ ಲಯಕ್ಕೆ ಎಡಗಾಲು, ಕಿಟಕಿಯ ಗಾಜು ಅದುರುವುದಕ್ಕೆ ಬಲಗೈ. ಪಕ್ಕದ ಸೀಟಿನ ಸಹೋದ್ಯೋಗಿ ಒಂದು ದಿನ, "ಮೇಡಮ್, ನಿಮ್ಮ ಡಬ್ಬಿಯಲ್ಲಿ ಮೊಸರನ್ನ ಇದ್ದಿದ್ರೆ ಇಷ್ಟೊತ್ತಿಗೆ ಮಜ್ಜಿಗೆ ಆಗ್ತಿತ್ತು" ಎಂದರು. ಶಿರವಾಡದಲ್ಲಿ ಯಾರೋ ಮದುವೆ ಬ್ಯಾಂಡು ಮುಚ್ಚಿ ಸಾಮಾನು ಮಾರುತ್ತಿದ್ದಾರೆಂದು ಹೇಳಿದವರೂ ಅವರೇ.

ಬ್ಯಾಂಡಿನ ಯಜಮಾನರು ಇನಾಸ್ ಮಾಮ. ರೈಲ್ವೆ ಸ್ಟೇಶನ್ನಿನ ಕಡೆಗೆ ಹೋಗುವ ದಾರಿಯಲ್ಲಿ ಮನೆ. ಎತ್ತರದ ಆಳು, ಮಂಡಿನೋವು, ಬಾಯಲ್ಲಿ ಕೊಂಕಣಿ ಬೆರೆತ ಕನ್ನಡ. ಯಾವ ಹೆಂಗಸನ್ನೂ ಕರೆಯುವುದು "ಬಾಯ್" ಎಂದೇ. ಡ್ರಮ್ಮುಗಳನ್ನು ಒಂದೊಂದಾಗಿ ಹೊರಗೆ ತಂದು ಜೋಡಿಸಿ ತೋರಿಸಿದರು. ಎಲ್ಲ ಒಪ್ಪಿದೆ. ಆದರೆ ಕಂಚಿನ ತಟ್ಟೆಗಳು ಕೂರಬೇಕಾದ ಸ್ಟ್ಯಾಂಡುಗಳ ತಲೆ ಖಾಲಿ.

"ಸಿಂಬಲ್ ಎಲ್ಲಿ ಮಾಮಾ?"

"ಅದು ಕೊಡೂದಿಲ್ಲ ಬಾಯ್."

"ಇಷ್ಟೆಲ್ಲಾ ಕೊಟ್ಟು ಅದೊಂದು ಯಾಕೆ ಇಟ್ಕೊಳ್ತೀರಿ?"

"ಚರ್ಮ ಹರಿದ್ರೆ ಪ್ಯಾಟಿಯಲ್ಲಿ ಹೊಸದು ಸಿಗ್ತದೆ. ಸಿಂಬಲ್ ಹಂಗಲ್ಲ. ನನ್ನ ಹತ್ರ ಪೆಟ್ಟು ತಿಂದು ತಿಂದು ಶಾಣೆ ಆಗಿದಾವೆ ಅವು. ಶಾಣೆ ಆದ ಮಕ್ಕಳನ್ನ ಯಾರಾದ್ರೂ ಮಾರ್ತಾರಾ?"

ಹೀಗೆ ಸಿಂಬಲ್ ಇಲ್ಲದ ಡ್ರಮ್ ಸೆಟ್ ನನ್ನದಾಯಿತು. ಕಾರವಾರದ ಹಬ್ಬುವಾಡದ ನಮ್ಮ ಬಾಡಿಗೆ ಮನೆಯಲ್ಲಿ ಅದನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. ಗೋಡೆಯ ಆಚೆ ಪರೀಕ್ಷೆಗೆ ಓದುವ ಮಕ್ಕಳು. ಅಂಕೋಲೆಯ ಹತ್ತಿರ ಅವರ್ಸಾದಲ್ಲಿರುವ ಗುಲಾಬಿ ಚಿಕ್ಕಮ್ಮನ ಮನೆಯ ಕೊಟ್ಟಿಗೆ ಖಾಲಿಯಿತ್ತು, ಅಲ್ಲಿಗೆ ಸಾಗಿಸಿದೆ. ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಶೇಂಗಾ ಕೀಳುವ ಕಾಲಕ್ಕೆ ಶೇಂಗಾ, ನಾಟಿಯ ಕಾಲಕ್ಕೆ ನಾಟಿ, ಉಳಿದಂತೆ ಸಿಕ್ಕಿದ ಕೂಲಿ. ಮಗ ಉದಯ ಟೆಂಪೋ ಓಡಿಸುತ್ತಾನೆ, ಗುಮಟೆ ಬಾರಿಸುತ್ತಾನೆ. ಚಿಕ್ಕಮ್ಮ ಹಾಡುತ್ತಾಳೆ. ಹಾಡುತ್ತಾಳೆ ಎಂದರೆ ವೇದಿಕೆಯ ಮೇಲಲ್ಲ. ಸಾಲು ಹಿಡಿದು ಸಸಿ ನೆಡುವಾಗ, ಯಾರದೋ ಮನೆಯ ಮದುವೆಗೆ ಅರಿಶಿನ ಅರೆಯುವಾಗ, ತೊಟ್ಟಿಲು ತೂಗುವಾಗ. ಈಚೆಗೆ ಮದುವೆಗಳಿಗೆ ಡಿಜೆ ಬಂದು ಅವಳನ್ನು ಕರೆಯುವವರು ಇಲ್ಲವಾಗಿದ್ದರು. ಹಾಗಾಗಿ ನಮ್ಮ ಹಬ್ಬುವಾಡದ ಗಣಪತಿ ಪೆಂಡಾಲಿನವರು, ಕೊಟ್ಟಿಗೆಯಲ್ಲಿ ನಾವು ಬಾರಿಸಿ ಹಾಡುವ ಸುದ್ದಿ ಕೇಳಿ, "ನಿಮ್ಮ ಮೂವರದೂ ಒಂದು ಕಾರ್ಯಕ್ರಮ ಇರ್ಲಿ" ಎಂದಾಗ, ಚಿಕ್ಕಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ಕೂತ್ಕಂಡು ಕೇಳ್ತ್ರಾ ಅವ್ರು?"

"ಹೌದು ಚಿಕ್ಕಮ್ಮಾ, ಕುರ್ಚಿ ಹಾಕ್ತಾರೆ."

"ಕೆಲ್ಸ ಮಾಡ್ತಾ ಅಲ್ಲಾ? ಬರೀ ಕೇಳೂಕೆ?"

"ಬರೀ ಕೇಳೂಕೆ."

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅರವತ್ತು ದಾಟಿದ ಹೆಂಗಸು ಜೀವಮಾನದಲ್ಲಿ ಹಾಡಿದ್ದಕ್ಕೆಲ್ಲ ಯಾವುದೋ ಕೆಲಸ ಅಂಟಿಕೊಂಡಿತ್ತು ಎಂಬುದು ನನಗೆ ಹೊಳೆದದ್ದು ಆಗ. ಈ ಕಾರ್ಯಕ್ರಮ ಆಗಲೇಬೇಕು ಎಂದುಕೊಂಡೆ.

ಈಗ ಸಿಂಬಲ್ಲಿನ ಪಾಡು ಕೇಳಿ. ಮೊದಲು ಫೋನಿನಲ್ಲಿ ನೋಡಿ ತರಿಸಿದೆ. ಹಿತ್ತಾಳೆಯದು. ಡಬ್ಬ ಬಿಚ್ಚಿ ಬಾರಿಸಿದಾಗ ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು ಪಾತ್ರೆ ತೊಳೆಯುವ ಕಲ್ಲಿನ ಕಡೆಗೆ ಹೋಯಿತು, ಅನ್ನ ಹಾಕುತ್ತಾರೆಂದುಕೊಂಡು. ಅದನ್ನು ವಾಪಸು ಕಳಿಸಿದೆ. ಆಮೇಲೆ ಒಂದು ರಜೆಯ ದಿನ ಹುಬ್ಬಳ್ಳಿಗೇ ಹೋದೆ. ಅಂಗಡಿಯಲ್ಲಿ ಕಂಚಿನ ಸಿಂಬಲ್ಲುಗಳನ್ನು ಸಾಲಾಗಿ ನೇತುಹಾಕಿದ್ದರು. ಕ್ರ್ಯಾಶ್ ಎಂದರೆ ಸಿಡಿಯುವುದಕ್ಕೆ, ರೈಡ್ ಎಂದರೆ ಹಾಡಿನ ಉದ್ದಕ್ಕೂ ಮೆಲ್ಲಗೆ ಬಡಿಯುತ್ತ ಹೋಗುವುದಕ್ಕೆ ಎಂಬಷ್ಟು ನನಗೆ ಗೊತ್ತಿತ್ತು. ಒಂದು ದೊಡ್ಡ ರೈಡ್ ಆರಿಸಿದೆ. ಕನ್ನಡಿಯಂಥ ಹೊಳಪು, ಬಾರಿಸಿದರೆ ಬೆಳ್ಳಿಯ ನಾಣ್ಯಗಳ ಮಳೆ. ಅಂಗಡಿಯಲ್ಲಿ ಒಂಟಿಯಾಗಿ ನಿಂತು ಬಾರಿಸಿದಾಗ ಯಾವ ಸಿಂಬಲ್ಲೂ ಚೆನ್ನಾಗಿಯೇ ಕೇಳುತ್ತದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಹೆಣ್ಣು ನೋಡಲು ಹೋದವರಿಗೆ ಎಲ್ಲರ ಮನೆಯ ಉಪ್ಪಿಟ್ಟೂ ರುಚಿಯಾಗಿಯೇ ಇರುತ್ತದಲ್ಲ, ಹಾಗೆ.

ಭಾನುವಾರ ಅವರ್ಸಾದ ಕೊಟ್ಟಿಗೆಯಲ್ಲಿ ಅದನ್ನು ಸ್ಟ್ಯಾಂಡಿಗೆ ಏರಿಸಿದೆ. ಉದಯ ಗುಮಟೆ ಹಿಡಿದ. ಚಿಕ್ಕಮ್ಮ ಗೋದಲಿಯ ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿ ಶುರುಮಾಡಿದಳು. ನಾನೂ ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ತೆರೆದಳು, ಬಾಯಿ ನಿಲ್ಲಿಸಿದಳು. ನಾನು ಅದನ್ನು ಗಮನಿಸದೆ ಇನ್ನೂ ಬಾರಿಸುತ್ತಲೇ ಇದ್ದೆ.

"ಯೇ, ನಿಲ್ಸೆ. ನಾ ಹಾಡ್ತಾ ಇದ್ನಾ?" ಎಂದು ಕೇಳಿದಳು.

ಉದಯ ತಮಾಷೆಗೆ, "ಬಾಯಿ ಅಲ್ಲಾಡ್ತಿತ್ತು ಅವ್ವೆ. ಆವಾಜು ಬರ್ಲಾ. ಮೂಕಿ ಸಿನೇಮಾ ಇದ್ದಂಗಿತ್ತು" ಎಂದ.

ನಾವಿಬ್ಬರೂ ನಕ್ಕೆವು. ಅವಳು ನಗಲಿಲ್ಲ. ಇನ್ನೊಮ್ಮೆ ಹಾಡಿದಳು, ಗಂಟಲಿನ ನರ ಉಬ್ಬುವಷ್ಟು ಗಟ್ಟಿಯಾಗಿ. ನಾನು ಮೆಲ್ಲಗೆ ಬಾರಿಸಿ ನೋಡಿದೆ, ಇನ್ನೂ ಮೆಲ್ಲಗೆ ಬಾರಿಸಿದೆ. ಏನು ಮಾಡಿದರೂ ಆ ಬೆಳ್ಳಿಯ ಮಳೆ ಅವಳ ದನಿಯ ಮೇಲೆಯೇ ಸುರಿಯುತ್ತಿತ್ತು. ಚಿಕ್ಕಮ್ಮನದು ತೆಳು ದನಿ, ಎತ್ತರದ್ದು. ಈ ಸಿಂಬಲ್ಲಿನ ಗುಂಯ್ ಎನ್ನುವಿಕೆಯೂ ಅದೇ ಎತ್ತರದ್ದು. ಒಂದೇ ಬಾಗಿಲಲ್ಲಿ ಇಬ್ಬರು ಒಟ್ಟಿಗೆ ಒಳಬರಲು ನೋಡಿದರೆ ದಪ್ಪ ಇದ್ದವರೇ ಬರುವುದು.

"ಸಾಕು ಮಗಾ" ಎಂದು ಚಿಕ್ಕಮ್ಮ ಎದ್ದಳು. "ನಿನ್ನ ತಾಟಿಂದೆಂತಾ ತಪ್ಪಿಲ್ಲೆ. ನನ್ನ ಗಂಟ್ಲು ಮುಗ್ದೋಯ್ತು. ಮದ್ವೆಗೆ ಕರ್ಯೂದು ಬಿಟ್ಟಾಗ್ಲೇ ನಂಗೆ ತಿಳೀಬೇಕಿತ್ತು. ನೀವಿಬ್ರೇ ಎಂತಾದ್ರೂ ಬಡೀರಿ."

"ಚಿಕ್ಕಮ್ಮಾ, ಇದು ಸಿಂಬಲ್ಲಿನ ತಪ್ಪೇ."

"ಧಾರ್ವಾಡದಲ್ಲಿ ಕಲ್ತವಳು ನೀನು, ಸಮಾಧಾನ ಹೇಳೂಕೂ ಕಲ್ತಿದ್ಯೆ."

ಅವಳು ಬಚ್ಚಲಿಗೆ ಹೋಗಿ ಒಲೆಗೆ ಸೌದೆ ತುರುಕಿದಳು. ಉದಯ ದಾರಿಯವರೆಗೆ ಬಂದು, "ಅಕ್ಕಾ, ರಿದಮ್ ಪ್ಯಾಡ್ ತರ್ವ, ಮೊಬೈಲಲ್ಲಿ ಹಾಡು ಹಾಕ್ವ. ಅವ್ವೆ ಒಮ್ಮೆ ಇಲ್ಲಾ ಅಂದ್ರೆ ಇಲ್ಲಾನೇಯಾ" ಎಂದ. ನಾನು ಆಗುವುದಿಲ್ಲ ಎಂದೆ. ಸಿಂಬಲ್ ಸಿಗಲಿಲ್ಲ ಎಂದು ಒಬ್ಬಳು ಹೆಂಗಸು ತನ್ನ ದನಿ ಸತ್ತಿತೆಂದು ನಂಬಿಕೊಂಡು ಉಳಿದುಬಿಡುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಅವಳ ದನಿಗೆ ಹೊಂದುವ ಸಿಂಬಲ್ ಈ ಭೂಮಿಯ ಮೇಲೆ ಎಲ್ಲೋ ಇದೆ, ಹುಡುಕುತ್ತೇನೆ ಎಂದು ಬಸ್ಸಿನಲ್ಲಿ ಕೂತವಳೇ ಹಟ ಹಿಡಿದೆ. ಹುಡುಕಲು ನನಗೆ ಗೊತ್ತಿದ್ದ ಮನೆ ಒಂದೇ.

ಮುಂದಿನ ವಾರ ಚಿಕ್ಕಮ್ಮನನ್ನು ಕಾರವಾರದ ಪೇಟೆಗೆ ಬಾ ಎಂದು ಕರೆದು, ಅಲ್ಲಿಂದ ರಿಕ್ಷಾ ಹತ್ತಿಸಿ ಶಿರವಾಡಕ್ಕೆ ಕರೆದೊಯ್ದೆ. ಇನಾಸ್ ಮಾಮನ ಜಗಲಿಯಲ್ಲಿ ಕೂರಿಸಿದ ಮೇಲೆ ವಿಷಯ ಹೇಳಿದೆ. ಇಬ್ಬರೂ ನನ್ನ ಮೇಲೆ ಒಟ್ಟಿಗೆ ಸಿಟ್ಟಾದರು.

"ನಾಕಾ ಬಾಯ್, ನಾಕಾ. ಆ ದಿನವೇ ಹೇಳಿದೆ, ಕೊಡೂದಿಲ್ಲ."

"ಬರೀ ಕೇಳಿಸಿ ಮಾಮಾ. ಎಂಥದು ಹುಡುಕಬೇಕು ಅಂತ ಗೊತ್ತಾದರೆ ಸಾಕು."

"ನೋಡೆ, ಇವಳು ಸೀರೆ ತಕ್ಕೊಡ್ತೆ ಅಂದೇಳಿ ನನ್ನ ಕರ್ಕಂಡ್ ಬಂದದ್ದು" ಎಂದು ಚಿಕ್ಕಮ್ಮ ಅವರ ಹೆಂಡತಿಗೆ ದೂರಿದಳು.

ಅವರ ಹೆಂಡತಿ ಚಹಾ ತಂದರು. ಚಹಾ ಕುಡಿದ ಮನೆಯಲ್ಲಿ ಬಿಗುಮಾನ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮಾಮ ಮಂಚದ ಕೆಳಗಿನಿಂದ ಹಳೆಯ ಚಾದರದಲ್ಲಿ ಸುತ್ತಿದ್ದ ಗಂಟು ಎಳೆದರು. ಒಳಗೆ ಏಳೆಂಟು ಸಿಂಬಲ್ಲುಗಳು. ಕೆಲವು ಹೊಳೆಯುತ್ತಿದ್ದವು, ಕೆಲವು ಹಸಿರುಗಟ್ಟಿದ್ದವು. ಎಂಥ ಸದ್ದು ಬೇಕೆಂದು ಕೇಳಿದರು. ನಾನು ಹುರುಪಿನಿಂದ ನನ್ನ ಬಾಲ್ಯದ ಜಾಗಟೆಯನ್ನು ವರ್ಣಿಸಿದೆ. ಗದ್ದೆಯ ಆಚೆ, ಮಂಕು ಸದ್ದು, ಹೊಗೆಯಂತೆ ಹರಡುವುದು, ಇತ್ಯಾದಿ. ಸುಮಾರು ಹೊತ್ತು ವರ್ಣಿಸಿದೆನೆಂದು ಕಾಣುತ್ತದೆ. ಚಿಕ್ಕಮ್ಮ ಚಹಾದ ಲೋಟ ಕೆಳಗಿಟ್ಟಳು.

"ಯಾವ್ದು, ನಮ್ಮ ಕೇರಿ ಮೇಳದ್ದಾ? ಅದು ಒಡ್ದಿತ್ತೆ ಮಗಾ."

"ಒಡೆದಿತ್ತಾ?"

"ಅಂಚಿಂದ ನಡು ತನಕಾ ಸೀಳು. ಗುಡ್ಡೆ ಮೇಲಿಂದ ಬಿದ್ದು ಒಡ್ದದ್ದು. ಹೊಸದು ತರೂಕೆ ಆಗ್ಲಾ, ಅದನ್ನೇ ಬಡೀತಿದ್ರು. ಆಚೆ ಕೇರಿಯವ್ರು ನಗ್ತಿದ್ರು, ನಿಮ್ದೆಂತಾ ಜಾಗ್ಟೆನೋ, ಕೆಮ್ಮಿದಂಗೆ ಕೇಳ್ತದೆ ಅಂದೇಳಿ."

ಇನಾಸ್ ಮಾಮ ನಗು ತಡೆಯಲಾರದೆ ಮಂಡಿ ಹಿಡಿದುಕೊಂಡರು. "ಒಡೆದ ಸಿಂಬಲ್ ಬೇಕಿದ್ರೆ ಪುಕ್ಕಟೆ ಕೊಡ್ತೇನೆ ಬಾಯ್, ಹಿತ್ತಲಲ್ಲಿ ನೀರಿನ ಹಂಡೆ ಮುಚ್ಚಿದ್ದು ಅದ್ರಲ್ಲೇ!"

ಇಷ್ಟು ವರ್ಷ ಕಿವಿಯಲ್ಲಿ ಜೋಪಾನವಾಗಿಟ್ಟುಕೊಂಡದ್ದು ಒಂದು ಸೀಳು ಜಾಗಟೆಯ ಕೆಮ್ಮು ಎಂದು ತಿಳಿದಾಗ ಏನನ್ನಿಸುತ್ತದೆ ಎಂದು ಕೇಳಬೇಡಿ. ಚಿಕ್ಕಮ್ಮನ ನೆನಪು ಸರಿ, ನನ್ನದು ತಪ್ಪು ಎಂದು ಹೇಗೆ ಹೇಳುವುದು ಎಂಬ ವಾದವೂ ತಲೆಯಲ್ಲಿ ಎದ್ದಿತು. ಆದರೆ ಅಣ್ಣನೊಬ್ಬ ಮೊದಲೇ ನನ್ನ ವಿರುದ್ಧ ಸಾಕ್ಷಿ ಹೇಳಿದ್ದ. ಎದ್ದು ನಿಂತು, ಸದ್ದಿನ ವರ್ಣನೆ ಅಲ್ಲಿಗೇ ಬಿಟ್ಟು, "ಚಿಕ್ಕಮ್ಮಾ, ನೀ ಹಾಡು. ಮಾಮ ಒಂದೊಂದೇ ಬಾರಿಸ್ತಾರೆ. ನಿನ್ನ ದನಿ ಯಾವುದರ ಮೇಲೆ ನಿಲ್ತದೋ ಅದು" ಎಂದೆ.

"ಗಂಟ್ಲು ಮುಗ್ದೋಗಿದೆ ಅಂದ್ನಲ್ಲೇ."

"ಮುಗಿದ ಗಂಟಲೇ ಸಾಕು. ಹಾಡು."

"ಗಾಯ್ ಗೋ ಬಾಯ್, ಗಾಯ್" ಎಂದು ಮಾಮನ ಹೆಂಡತಿಯೂ ಬಾಗಿಲಿಗೆ ಒರಗಿ, ಹಾಡುವಂತೆ ಒತ್ತಾಯ ಮಾಡಿದರು.

ಚಿಕ್ಕಮ್ಮ ಗೋಡೆಯ ಕಡೆ ಮುಖ ಮಾಡಿ ಹಾಡಿದಳು. ನಾಟಿಯ ಹಾಡು, ಮೊದಲೆರಡು ಸಾಲು ಸಂಕೋಚ, ಆಮೇಲೆ ಅಭ್ಯಾಸ ಎಳೆದುಕೊಂಡು ಹೋಯಿತು. ಮಾಮ ಒಂದು ಸಿಂಬಲ್ಲನ್ನು ಹೆಬ್ಬೆರಳಿಗೆ ತೂಗಿ ಹಾಕಿಕೊಂಡು ಕಡ್ಡಿಯಿಂದ ತಟ್ಟಿದರು. ದನಿ ಮುಳುಗಿತು. ಇನ್ನೊಂದು, ಅರ್ಧ ಮುಳುಗಿತು. ಮತ್ತೊಂದಕ್ಕೆ ಚಿಕ್ಕಮ್ಮ ತಾನೇ ಕೈ ಬೀಸಿ "ಬ್ಯಾಡ" ಎಂದಳು. ಗಂಟಿನ ತಳದಲ್ಲಿದ್ದದ್ದು ಒಂದು ತೆಳು, ಅಗಲದ ತಟ್ಟೆ. ಎಷ್ಟು ಕಪ್ಪಾಗಿತ್ತೆಂದರೆ ದೋಸೆಯ ಕಾವಲಿ ಎನ್ನಬಹುದಿತ್ತು. ಮದುವೆ ಮನೆಗಳ ಬೆವರು, ಸಮುದ್ರದ ಗಾಳಿ, ಧೂಳು ಎಲ್ಲ ಅದರ ಸಣ್ಣ ಗೆರೆಗಳಲ್ಲಿ ಕೂತಿದ್ದವು. ಮಾಮ ತಟ್ಟಿದರು. ಕಡ್ಡಿ ತಾಗಿದ ಟಕ್ ಸದ್ದು ಕೇಳಿತು, ಅದರ ಕೆಳಗೆ ತಗ್ಗಿನಲ್ಲಿ ಏನೋ ಮೆಲ್ಲಗೆ ಹರಿಯಿತು, ಅಷ್ಟೆ. ಚಿಕ್ಕಮ್ಮನ ದನಿ ಅದರ ಮೇಲೆ ಸ್ಪಷ್ಟವಾಗಿ ನಡೆದುಕೊಂಡು ಹೋಯಿತು. ಅವಳಿಗೂ ಕೇಳಿಸಿರಬೇಕು. ಗೋಡೆಯಿಂದ ಮುಖ ತಿರುಗಿಸಿದಳು. ಹಾಡು ಮುಗಿಯುವವರೆಗೆ ಮಾಮ ತಟ್ಟುವುದನ್ನು ನಿಲ್ಲಿಸಲಿಲ್ಲ.

"ಈ ತಾಟು ಅಡ್ಡಿಲ್ಲೆ" ಎಂದಳು ಚಿಕ್ಕಮ್ಮ. "ದೊಡ್ಡಸ್ತಿಕೆ ಮಾಡೂದಿಲ್ಲೆ."

ಮಾಮ ಸಿಂಬಲ್ಲನ್ನು ತಿರುಗಿಸಿ ನೋಡಿದರು, ಹೆಂಡತಿಯ ಮುಖ ನೋಡಿದರು, ಕೊನೆಗೆ ಚಾದರದ ಒಂದು ತುಂಡು ಹರಿದು ಅದಕ್ಕೆ ಸುತ್ತಿದರು. "ಮಾರೂದಿಲ್ಲ, ತಿಳೀತಾ? ಇವರು ಹಾಡುವಷ್ಟು ದಿನ ನಿನ್ನ ಹತ್ರ ಇರ್ಲಿ. ಹಾಡು ನಿಲ್ಲಿಸಿದ ದಿನ ವಾಪಸು."

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಚೌತಿ ಹತ್ತಿರ ಬಂದಿತ್ತು.

ನಮ್ಮ ಕಡೆಯ ಮನೆಗಳಲ್ಲಿ ಚೌತಿಗೆ ಮುಂಚೆ ಇರುವ ಲೋಹವನ್ನೆಲ್ಲ ಬೆಳಗುವುದು ನಿಮಗೆ ಗೊತ್ತಿರುತ್ತದೆ. ಸಮೆ ದೀಪ, ಹರಿವಾಣ, ಆರತಿ, ಗಂಟೆ, ತಂಬಿಗೆ, ಕೊಳದಪ್ಪಲೆ, ಅಟ್ಟದಿಂದ ವರ್ಷಕ್ಕೊಮ್ಮೆ ಇಳಿಯುವ ಹಂಡೆ. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಕಪ್ಪಾದ ಕಂಚು ಮನೆಯಲ್ಲಿರುವಾಗ ಗಣಪತಿ ಒಳಗೆ ಬರಬಾರದು. ಇನಾಸ್ ಮಾಮನ ಮನೆಯಲ್ಲಿ ಚೌತಿ ಇಲ್ಲ. ಹೀಗೊಂದು ಅಪಾಯವಿದೆಯೆಂದು ಅವರಿಗೆ ತೋಚುವಂತೆಯೇ ಇರಲಿಲ್ಲ. ನನಗೆ ಚೌತಿ ಇದೆ, ನನಗೂ ತೋಚಲಿಲ್ಲ. ಹಬ್ಬದ ಹಿಂದಿನ ದಿನ ಕೈಗಾದಿಂದ ಬೇಗ ಹೊರಟು ಅವರ್ಸಾಕ್ಕೆ ಬಂದಾಗ ಅಂಗಳದಲ್ಲಿ ಬೆಳಗಿದ ಪಾತ್ರೆಗಳನ್ನು ಬಿಸಿಲಿಗೆ ಬೋರಲು ಹಾಕಿದ್ದರು. ಎಲ್ಲದರ ನಡುವೆ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿದ್ದದ್ದು ನಮ್ಮ ಸಿಂಬಲ್.

ಚಿಕ್ಕಮ್ಮ ಕೈಯೆಲ್ಲ ಹುಣಸೆಯ ಕೊಳೆ ಮಾಡಿಕೊಂಡು, ಮುಖ ಅರಳಿಸಿ ನಿಂತಿದ್ದಳು. "ಕಾಣು! ಎಷ್ಟ್ ವರ್ಸದ ಕಿಲುಬೇನ. ಬೆಳಗಿಂದ ತಿಕ್ಕಿದ್ದೆ. ನನ್ನ ರಟ್ಟೆ ಬಿದ್ದೋಯ್ತು. ಗಣಪತಿ ಮುಂದೆ ಅಂಥಾ ಮಸಿ ತಾಟು ಬಡಿಯೂಕೆ ಆಗ್ತದ್ಯ?"

ಕಡ್ಡಿ ತೆಗೆದು ತಟ್ಟಿದೆ. ಗುಂಯ್ ಎಂದಿತು. ಹುಬ್ಬಳ್ಳಿಯ ಸಿಂಬಲ್ಲಿನಷ್ಟು ಅಲ್ಲ, ಆದರೆ ಅದರ ತಂಗಿ. ನನ್ನ ಮುಖ ಕಂಡು ಚಿಕ್ಕಮ್ಮನ ಮುಖ ಇಳಿಯಿತು.

"ಎಂತಾ ಆಯ್ತೆ?"

ನನಗೆ ನನ್ನ ಮೇಲೇ ಸಂಶಯ. ಬೆಳಗಿದ್ದರಿಂದ ಸದ್ದು ಬದಲಾಯಿತೋ, ಹೊಳಪು ಕಂಡದ್ದರಿಂದ ನನ್ನ ಕಿವಿ ಬದಲಾಯಿತೋ? ಸೀಳು ಜಾಗಟೆಯಲ್ಲಿ ಸ್ವರ್ಗ ಕೇಳಿದ ಕಿವಿ ಇದು. ಹಾಗಾಗಿ ಚಿಕ್ಕಮ್ಮನಿಗೇ ಹಾಡಲು ಹೇಳಿ, ಉದಯನ ಕೈಗೆ ಕಡ್ಡಿ ಕೊಟ್ಟೆ. ನಾನು ಬಾವಿಕಟ್ಟೆಯ ಹತ್ತಿರ ಬೆನ್ನು ಹಾಕಿ ನಿಂತೆ. ಅವಳು ಹಾಡಿದಳು. ಮೊದಲ ಸಾಲಿನ ಕೊನೆಗೇ ದನಿ ಕೆಳಗೆ ಹೋಯಿತು. ನಾನು ತಿರುಗುವ ಮೊದಲೇ ಅವಳು ನಿಲ್ಲಿಸಿದ್ದಳು.

"ನಾ ಮುಟ್ಟಿದ್ದೆಲ್ಲಾ ಹಿಂಗೆಯಾ" ಎಂದಳು. "ಅವ್ರು ಮಕ್ಕಳಂಗೆ ಇಟ್ಕಂಡದ್ದು, ಒಂದ್ ಬೆಳಿಗ್ಗೆಲಿ ಹಾಳ್ ಮಾಡ್ದೆ. ನಾ ಬರೂದಿಲ್ಲೆ. ತಿರ್ಗಿ ಕೊಟ್ಟು ಬಾ, ಪಾಪ."

"ತಿರುಗಿ ಕೊಡುವುದು ನೀನು ಹಾಡು ನಿಲ್ಲಿಸಿದ ದಿನ. ನಿಲ್ಲಿಸಿಲ್ಲ ನೀನು" ಎಂದೆ. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ. "ತಿಕ್ಕಿ ಹೊಳಪು ಮಾಡಿದ್ದನ್ನು ಮತ್ತೆ ಕಪ್ಪು ಮಾಡುವುದು ಅಷ್ಟು ದೊಡ್ಡ ಕೆಲಸವಾ?"

ಚಿಕ್ಕಮ್ಮ ನನ್ನನ್ನೇ ನೋಡಿದಳು. ಆಮೇಲೆ ಅವಳ ಕಣ್ಣಲ್ಲಿ ಒಂದು ಬಗೆಯ ಕೆಲಸಗಾರಿಕೆ ಬಂತು.

"ಕಪ್ಪು ಮಾಡೂದಾ? ಜನ್ಮ ಇಡೀ ಅದನ್ನೇ ತಿಕ್ಕಿ ತಿಕ್ಕಿ ತೆಗ್ದದ್ದು ನಾನು. ಅದು ಹೆಂಗೆ ಹತ್ತತದೆ ಅಂದೇಳಿ ನಂಗೆ ಯಾರಾದ್ರೂ ಹೇಳ್ಬೇಕಾ?"

ತೆಂಗಿನೆಣ್ಣೆ ತಂದು ಸಿಂಬಲ್ಲಿಗೆ ತೆಳುವಾಗಿ ಸವರಿದಳು. ಬಚ್ಚಲ ಒಲೆಯ ಮೇಲಿನ ಅಡ್ಡಪಟ್ಟಿಗೆ ಹಗ್ಗ ಕಟ್ಟಿ, ಒಣಮೀನಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ಸಿಂಬಲ್ಲನ್ನು ತೂಗುಬಿಟ್ಟಳು. ಹಸಿ ತೆಂಗಿನಸಿಪ್ಪೆ ಒಲೆಗೆ ಇಟ್ಟಳು. ಇನಾಸ್ ಮಾಮನಿಗೆ ಫೋನು ಮಾಡಿ ಹೆದರುತ್ತ ಹೆದರುತ್ತ ಹೇಳಿದೆ. ಅತ್ತ ಕಡೆಯಿಂದ ಮೊದಲು "ಅರೆ ದೇವಾ" ಎಂದು ಕೇಳಿತು, ಆಮೇಲೆ, "ಬೆಂಕಿಯಿಂದ ದೂರ ಇಡು ಬಾಯ್. ಹೊಗೆ ಸಾಕು. ಕಾದ್ರೆ ಅದು ಸಿಂಬಲ್ ಅಲ್ಲ, ಕಾವಲಿ. ದೋಸೆ ಮಾಡ್ಕೊಂಡು ತಿನ್ನಬೇಕು ಮತ್ತೆ."

ಹಬ್ಬದ ಮನೆಗೆ ಬಂದವರೆಲ್ಲ ಕಣ್ಣುಜ್ಜಿಕೊಂಡು ಕೇಳಿದರು, ಇದೆಂಥ ಹೊಗೆ, ಇದೆಂಥ ತಟ್ಟೆ ಎಂದು. ಹೊಳೆಯುವ ಪಾತ್ರೆಗಳ ಸಾಲು ದೇವರ ಮುಂದೆ. ಒಂದು ತಟ್ಟೆ ಮಾತ್ರ ಬಚ್ಚಲಲ್ಲಿ ಮಸಿ ತಿನ್ನುತ್ತ. ಉದಯ ಬಂದವರಿಗೆ, "ಅದು ವ್ರತದಲ್ಲಿ ಕೂತಿದೆ" ಎಂದು ಹೇಳುತ್ತಿದ್ದ. ಚಿಕ್ಕಮ್ಮ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಣ್ಣೆ ಸವರಿ ತಿರುಗಿಸಿ ಹಾಕಿದಳು, ಹಲಸಿನ ಹಪ್ಪಳ ಮಗುಚಿದಂತೆ. ನಾನು ಬಂದು ತಟ್ಟಿ ನೋಡುತ್ತಿದ್ದೆ. ಗುಂಯ್ ಸ್ವಲ್ಪ ಸ್ವಲ್ಪ ತಗ್ಗುತ್ತ ಬಂತು. ಮೊದಲಿನಂತಾಯಿತೇ? ಮೊದಲು ಹೇಗಿತ್ತು ಎಂಬುದು ನನ್ನ ನೆನಪಿನ ಮೇಲೆ ನಿಂತ ಮಾತು, ಆದ್ದರಿಂದ ಹೇಳುವುದಿಲ್ಲ. ಚೌತಿ ಕಳೆದು ಕೆಲವು ದಿನಕ್ಕೆ, ಕಾರ್ಯಕ್ರಮದ ದಿನ ಬೆಳಿಗ್ಗೆ ಚಿಕ್ಕಮ್ಮ ಅದರ ಮುಂದೆ ನಿಂತು ಒಂದು ಸಾಲು ಹಾಡಿ, "ಹೂಂ, ಹೊರ್ಡ್ವ" ಎಂದಳು. ಅಷ್ಟು ಸಾಕು ನನಗೆ.

ಸಂಜೆ ಪೆಂಡಾಲಿನಲ್ಲಿ ಕುರ್ಚಿಗಳು ತುಂಬಿದ್ದವು. ಚಿಕ್ಕಮ್ಮನಿಗೆ ಮೈಕು ಹಿಡಿಯುವುದು ಬೇಡವಾಗಿತ್ತು, ಸ್ಟ್ಯಾಂಡಿಗೆ ಸಿಕ್ಕಿಸಿ ಮುಂದೆ ನಿಲ್ಲಿಸಿದರು. ಅವಳು ಕೈ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಸೆರಗು ಹಿಡಿದಳು, ಒಮ್ಮೆ ಬೆನ್ನ ಹಿಂದೆ ಕಟ್ಟಿದಳು. ಕೆಲಸವಿಲ್ಲದ ಕೈಗಳು. ಮೊದಲ ಹಾಡು ನಡುಗುತ್ತ ಬಂತು. ನಾನು ಕಡ್ಡಿಯನ್ನು ಸಿಂಬಲ್ಲಿನ ಮೇಲೆ ಉಸಿರು ಬಿಟ್ಟಂತೆ ಇಟ್ಟೆ. ದನಿ ಮುಳುಗಲಿಲ್ಲ. ಎರಡನೆಯ ಹಾಡಿಗೆ ಅವಳ ಕೈಗಳು ತಾವಾಗಿ ಅಲ್ಲಾಡತೊಡಗಿದವು, ಗಾಳಿಯಲ್ಲಿ ಸಸಿ ಊರಿದಂತೆ.

ಆಗ ನಾನು ಕಂಡದ್ದು ಇದು: ಕಡ್ಡಿ ತಾಗಿದಲ್ಲೆಲ್ಲ ಮಸಿ ಉದುರಿ ಒಂದೊಂದು ಹೊಳೆಯುವ ಚುಕ್ಕಿ ಮೂಡುತ್ತಿತ್ತು. ನನ್ನ ಬಿಳಿ ಚೂಡಿದಾರಿನ ತೊಡೆಯ ಮೇಲೆ ಕಪ್ಪು ಪುಡಿ. ಬಾರಿಸಿದಷ್ಟೂ ಚುಕ್ಕಿಗಳು ಕೂಡಿಕೊಂಡು ಹಗಲಿನಂತೆ ಹರಡುತ್ತಿವೆ, ಹರಡಿದಷ್ಟೂ ಆ ಗುಂಯ್ ಮೆಲ್ಲಗೆ ತಲೆಯೆತ್ತುತ್ತಿದೆ. ಇನ್ನೂ ಎಷ್ಟೋ ಹಾಡು ಬಾಕಿ ಇತ್ತು. ನಾನು ಕಡ್ಡಿಯ ಜಾಗ ಬದಲಿಸಿದೆ, ಮಸಿ ಉಳಿದ ಅಂಚಿಗೆ ಹೋದೆ, ಅಲ್ಲಿಯದೂ ಮುಗಿಯಿತು. ಉದಯ ಗುಮಟೆಯ ಮೇಲಿಂದ ನನ್ನ ಕಡೆ ಹುಬ್ಬು ಹಾರಿಸಿದ. ಕಡ್ಡಿಯನ್ನು ತಾಗಿಯೂ ತಾಗದಂತೆ ಮಾಡಿದೆ. ಕೊನೆಗೆ ಕೈಯನ್ನೇ ಮೇಲೆತ್ತಿ ಹಿಡಿದೆ.

ಚಿಕ್ಕಮ್ಮ ಹಾಡುತ್ತಲೇ ತಿರುಗಿ ನೋಡಿದಳು. ಸಾಲು ಮುಗಿಸಿದಳು. ಗುಮಟೆ ಒಂದು ಸುತ್ತು ತಾನೇ ನಡೆಯುತ್ತಿದ್ದಾಗ, ಮೈಕಿನ ಮುಂದಿನಿಂದಲೇ, ಕುರ್ಚಿಗಳಲ್ಲಿದ್ದವರೆಲ್ಲ ಕೇಳುವಂತೆ ಅಂದಳು:

"ಎಂತಕೆ ನಿಲ್ಸಿದ್ಯೆ? ಗಟ್ಟಿ ಬಡಿ. ನಂಗೆ ನಿಂದು ಕೇಳ್ತಾನೇ ಇಲ್ಲೆ."

ಬಡಿದೆ.